ಬೆನ್ನೆಲುಬಿನ ಕೀಲ

ತಾಪೀ ನದಿಯು ಖಂಬಾತದ ಕೊಲ್ಲಿಯನ್ನು ಕೂಡುವೆಡೆಯಲ್ಲಿ, ಸೂರತ್ ನಗರದಿಂದ ಪಡುವಲಿಗೆ, ಹಜೀರಾ ಎಂಬ ಊರಿದೆ. ಇಂದು ಆ ಹೆಸರನ್ನು ಕೇಳಿದವರ ಕಣ್ಣಿಗೆ ಕಟ್ಟುವುದು ಉಕ್ಕಿನ ಕುಲುಮೆಗಳು, ರಸಗೊಬ್ಬರದ ಸ್ಥಾವರಗಳು, ಅಲ್ಲಿಂದ ಹೊರಟು ಮಧ್ಯಪ್ರದೇಶದ ವಿಜಯಪುರವನ್ನು ಹಾದು ಉತ್ತರಪ್ರದೇಶದ ಜಗದೀಶಪುರದವರೆಗೆ ನೆಲದಡಿಯಲ್ಲಿ ಸಾಗುವ ಅನಿಲದ ಕೊಳವೆಮಾರ್ಗ. ಆದರೆ ಇವೆಲ್ಲವೂ ಈಚಿನ ಕೆಲವೇ ದಶಕಗಳ ಸೃಷ್ಟಿ. ಅದಕ್ಕೆ ಬಹು ಹಿಂದೆಯೇ ಆ ತೀರಕ್ಕೆ ಪ್ರಸಿದ್ಧಿಯನ್ನು ತಂದದ್ದು ಸಮೀಪದ ಸುವಾಲಿ ಎಂಬ ಲಂಗರುದಾಣ. 1612ರ ನವೆಂಬರು ತಿಂಗಳ ಕೊನೆಯಲ್ಲಿ ಥಾಮಸ್ ಬೆಸ್ಟ್ ಎಂಬ ಆಂಗ್ಲ ಕಪ್ತಾನನು ಪೋರ್ಚುಗೀಸರ ನೌಕಾಬಲವನ್ನು ಅಲ್ಲಿ ಎದುರಿಸಿ ನಿಂತ ತರುವಾಯ, ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಸುವಾಲಿಯಲ್ಲಿ ಲಂಗರು ಬಿಡುವುದು ರೂಢಿಯಾಯಿತು. ಆ ಹಡಗುಗಳಲ್ಲಿ ಶಸ್ತ್ರವೈದ್ಯನೊಬ್ಬನೂ ಅವನ ಪೆಟ್ಟಿಗೆಯೊಂದೂ ಇರುತ್ತಿದ್ದುವು. ಪೆಟ್ಟಿಗೆಯಲ್ಲಿ ಏನೇನಿರತಕ್ಕದ್ದೆಂಬುದನ್ನು ಕಂಪನಿಯ ಪ್ರಧಾನ ಶಸ್ತ್ರವೈದ್ಯನಾಗಿದ್ದ ಜಾನ್ ವುಡಾಲನು 1617ರಲ್ಲಿ ಪುಸ್ತಕರೂಪವಾಗಿಯೇ ಪ್ರಕಟಿಸಿದನು. ಗರಗಸಗಳು, ಇಕ್ಕುಳಗಳು, ತಲೆಬುರುಡೆಯನ್ನು ಕೊರೆಯುವ ಬೈರಿಗೆ, ಮುರಿದ ಕೈಕಾಲಿಗೆ ಕಟ್ಟುವ ದಬ್ಬೆ, ಲೇಪ ತೈಲಗಳು ಎಲ್ಲವೂ ಉಂಟು. ಆದರೆ ಕೂವೆಮರದ ತುದಿಯಿಂದ ಅಟ್ಟದ ಮೇಲೆ ಬಿದ್ದು ಬೆನ್ನು ಮುರಿದುಕೊಂಡ ನಾವಿಕನಿಗೆ ಉಪಯೋಗಕ್ಕೆ ಬರುವಂಥ ಸಾಧನವು ಆ ಕಾಲದ ಯಾವ ವೈದ್ಯನ ಪೆಟ್ಟಿಗೆಯಲ್ಲಿಯೂ ಇರಲಿಲ್ಲ.

ಗುಜರಾತಿನಲ್ಲಿ ಹಜೀರಾ ಎಂಬ ಹೆಸರು ಈ ಒಂದು ಊರಿನ ಸ್ವತ್ತಲ್ಲ. ಅಹಮದಾಬಾದಿನ ಮಾಣೆಕ್ ಚೌಕದ ಬಳಿ ಸುಲ್ತಾನ ಅಹಮದ್ ಶಾಹನ ಗೋರಿಯನ್ನು ಜನರು ಬಾದಶಾಹನ ಹಜೀರಾ ಎಂದು ಕರೆಯುತ್ತಾರೆ. ವಡೋದರೆಯಲ್ಲಿ ಜಹಾಂಗೀರನ ಗುರುವಾಗಿದ್ದ ಕುತುಬುದ್ದೀನ್ ಮುಹಮ್ಮದ್ ಖಾನನ ಸಮಾಧಿಗೂ ಅದೇ ಹೆಸರು. ಸೂರತ್ತೂ ಸೇರಿ ಈ ಮೂರು ನಗರಗಳಲ್ಲಿಯೂ ಇಂದು ದೊಡ್ಡ ಸರಕಾರಿ ಆಸ್ಪತ್ರೆಗಳಿವೆ, ಅವುಗಳಿಗೆ ಸೇರಿದ ವೈದ್ಯಕೀಯ ಕಾಲೇಜುಗಳಿವೆ: ಅಹಮದಾಬಾದಿನ ಬಿ.ಜೆ. ಕಾಲೇಜು 1946ರಲ್ಲಿಯೂ, ವಡೋದರೆಯದು 1949ರಲ್ಲಿಯೂ, ಸೂರತ್ತಿನದು 1964ರಲ್ಲಿಯೂ ಆರಂಭವಾದುವು. ಸುವಾಲಿಯ ಹಡಗಿನಲ್ಲಿ ಇಲ್ಲದಿದ್ದ ಸಾಧನವು ಈ ಮೂರು ನಗರಗಳ ಶಸ್ತ್ರಚಿಕಿತ್ಸಾ ಕೊಠಡಿಗಳಲ್ಲಿ ಈಗ ನಿತ್ಯದ ಸಾಮಗ್ರಿ. ಅದು ಎರಡು ಅಂಗುಲಕ್ಕಿಂತ ಚಿಕ್ಕದಾದ ಒಂದು ಲೋಹದ ತಿರುಪುಮೊಳೆ. ಅದು ಬೆನ್ನೆಲುಬನ್ನು ಪ್ರವೇಶಿಸಿದ ಬಗೆಯ ಚರಿತ್ರೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ಬೆನ್ನು ಮುರಿದವನ ಮುಂದೆ ವೈದ್ಯನು ಕೈಚೆಲ್ಲುವುದು ಹದಿನೇಳನೆಯ ಶತಮಾನಕ್ಕೆ ಹೊಸದಾಗಿರಲಿಲ್ಲ. ಎಡ್ವಿನ್ ಸ್ಮಿತ್ ಎಂಬಾತನು 1862ರಲ್ಲಿ ಈಜಿಪ್ಟಿನಲ್ಲಿ ಕೊಂಡ ಅತಿ ಪುರಾತನವಾದ ಪಪೈರಸ್ ಸುರುಳಿಯಲ್ಲಿ, ಕತ್ತಿನ ಕಶೇರುವು ಜಾರಿ ಕೈಕಾಲುಗಳ ಅರಿವು ತಪ್ಪಿದ ರೋಗಿಯ ವರ್ಣನೆಯಿದೆ. ಲಕ್ಷಣಗಳನ್ನೆಲ್ಲ ಸೂಕ್ಷ್ಮವಾಗಿ ಗುರುತಿಸಿದ ಆ ಅಜ್ಞಾತ ವೈದ್ಯನು ಕೊನೆಗೆ ಇದು ಚಿಕಿತ್ಸೆಗೆ ತಕ್ಕುದಲ್ಲದ ವ್ಯಾಧಿಯೆಂದು ತೀರ್ಮಾನಿಸಿಬಿಟ್ಟನು. ನಮ್ಮ ಸುಶ್ರುತ ಸಂಹಿತೆಯ ಧೋರಣೆ ಇಷ್ಟು ನಿರಾಶಾಮಯವಾದುದಲ್ಲ. ಅದರ ಚಿಕಿತ್ಸಾಸ್ಥಾನದಲ್ಲಿ ಭಗ್ನಗಳನ್ನು ಕುರಿತ ಪ್ರಕರಣದಲ್ಲಿ ಕಪಾಟಶಯನವೆಂಬ ಒಂದು ವಿಧಿಯುಂಟು: ಕಾಲು ಅಥವಾ ತೊಡೆ ಮುರಿದವನನ್ನು ಹಲಗೆಯ ಮೇಲೆ ಮಲಗಿಸಿ, ಅಂಗವು ಅಲುಗದ ಹಾಗೆ ಐದು ಕೀಲಗಳನ್ನು ಆಯಕಟ್ಟಿನ ಸ್ಥಳಗಳಲ್ಲಿ ನೆಟ್ಟು ಬಂಧಿಸತಕ್ಕದ್ದು, ಶ್ರೋಣಿ, ಪೃಷ್ಠವಂಶ, ಎದೆ ಮುಂತಾದೆಡೆಗಳ ಭಗ್ನಕ್ಕೂ ಇದೇ ವಿಧಿ. ಮುರಿದದ್ದನ್ನು ಪ್ರಕೃತಿಯೇ ಕೂಡಿಸುತ್ತದೆ, ವೈದ್ಯನ ಕೆಲಸವೇನಿದ್ದರೂ ಕೂಡುವ ತನಕ ಅದನ್ನು ಅಲುಗಗೊಡದೆ ಇರುವುದು ಎಂಬ ತತ್ತ್ವವು ಇಲ್ಲಿ ಸಂಪೂರ್ಣವಾಗಿಯೇ ಇದೆ. ನಮ್ಮ ಕಾಲವು ಬದಲಾಯಿಸಿದ್ದು ಕೀಲದ ಸ್ಥಾನವನ್ನು ಮಾತ್ರ. ಅದು ದೇಹದ ಹೊರಗಿನಿಂದ ಎಲುಬಿನ ಒಳಕ್ಕೆ ಬಂದಿತು. ಆದರೆ ಆ ಕೆಲವಂಗುಲದ ಪ್ರಯಾಣಕ್ಕೆ ಶತಮಾನಗಳೇ ಹಿಡಿದುವು. ಈ ನಡುವೆ ಗುಜರಾತಿನ ಹಾಡವೈದರಾಗಲಿ, ನಮ್ಮವರು ಅರಸಿಕೊಂಡು ಹೋಗುವ ಪುತ್ತೂರು ಕಟ್ಟಿನವರಾಗಲಿ, ಕೈಕಾಲುಗಳ ವಿಷಯದಲ್ಲಿ ಎಷ್ಟೇ ನಿಪುಣರಾಗಿದ್ದರೂ ಬೆನ್ನೆಲುಬು ಅವರ ಪಟ್ಟಿಗೆ ಸಿಕ್ಕುವ ವಸ್ತುವಾಗಿರಲಿಲ್ಲ.

ಅದಕ್ಕೆ ಕಾರಣವುಂಟು. ತೊಡೆಯೆಲುಬು ಒಂದೇ ಕಂಬ. ಬೆನ್ನೆಲುಬಾದರೋ ಒಂದರ ಮೇಲೊಂದು ಕುಳಿತ ಇಪ್ಪತ್ತನಾಲ್ಕು ಚಲಿಸುವ ಕಶೇರುಗಳ ಸರಣಿ, ಅದರಡಿಯಲ್ಲಿ ತ್ರಿಕಾಸ್ಥಿ. ಪ್ರತಿಯೊಂದು ಕಶೇರುವಿಗೂ ಮುಂದೆ ಭಾರವನ್ನು ಹೊರುವ ದಪ್ಪನೆಯ ಕಾಯವಿದೆ, ಹಿಂದೆ ಬೆನ್ನುಹುರಿಯನ್ನು ಸುತ್ತುವರಿದ ಎಲುಬಿನ ಕಮಾನಿದೆ, ಇವೆರಡನ್ನೂ ಎಡಬಲಗಳಲ್ಲಿ ಸೇರಿಸುವ ಎರಡು ಗಿಡ್ಡ ಸೇತುವೆಗಳಿವೆ. ಈ ಸೇತುವೆಗೆ ವೈದ್ಯರು ಪೆಡಿಕಲ್ ಎನ್ನುತ್ತಾರೆ. ಎತ್ತರದಿಂದ ಬಿದ್ದಾಗ ಕುಸಿಯುವುದು ಸಾಮಾನ್ಯವಾಗಿ ಮುಂದಿನ ಕಾಯ. ವೈದ್ಯನ ಕೈಗೆ ಎಟುಕುವುದು ಹಿಂದಿನ ಕಮಾನು. ಎರಡರ ನಡುವೆ ತಗುಲಿದರೆ ಮತ್ತೆ ಸರಿಯಾಗದ ಬೆನ್ನುಹುರಿ. 1891ರಲ್ಲಿ ಅಮೆರಿಕದ ಟೆಕ್ಸಾಸಿನ ಬರ್ತೋಲ್ಡ್ ಹಾದ್ರಾ ಎಂಬ ವೈದ್ಯನು ಕತ್ತು ಮುರಿದವನೊಬ್ಬನ ಕಶೇರುಗಳ ಹಿಂದಣ ಮುಳ್ಳುಗಳನ್ನು ತಂತಿಯಿಂದ ಬಿಗಿದನು. 1911ರಲ್ಲಿ ನ್ಯೂಯಾರ್ಕಿನ ಹಿಬ್ಸ್ ಮತ್ತು ಆಲ್ಬಿ ಎಂಬಿಬ್ಬರು, ಒಬ್ಬರಿಗೊಬ್ಬರು ಸಂಬಂಧವಿಲ್ಲದೆ, ಕ್ಷಯದಿಂದ ಶಿಥಿಲವಾದ ಕಶೇರುಗಳನ್ನು ಎಲುಬಿನಿಂದಲೇ ಒಂದಕ್ಕೊಂದು ಬೆಸೆಯುವ ಶಸ್ತ್ರಕ್ರಿಯೆಯನ್ನು ಬಳಕೆಗೆ ತಂದರು. ಬೆಸುಗೆಯ ಕಲ್ಪನೆಯು ಸರಿಯಾದದ್ದೇ; ಆದರೆ ಬೆಸುಗೆ ಗಟ್ಟಿಯಾಗುವ ತನಕ ರೋಗಿಯು ಗಾರೆಯ ಕವಚದೊಳಗೆ ತಿಂಗಳುಗಟ್ಟಲೆ ಮಲಗಿರಬೇಕಾಗಿತ್ತು. ಸುಶ್ರುತನ ಹಲಗೆಗೂ ಅದಕ್ಕೂ ತತ್ತ್ವದಲ್ಲಿ ಅಂತರವೇನೂ ಇರಲಿಲ್ಲವೆನ್ನಬೇಕು.

ತಿರುಪುಮೊಳೆಯು ಮೊದಲು ಬಂದದ್ದು ತಪ್ಪು ಜಾಗಕ್ಕೆ. ಅಮೆರಿಕದ ಡಾನ್ ಕಿಂಗ್ ಎಂಬಾತನು 1940ರ ದಶಕದಲ್ಲಿ, ಎರಡು ಕಶೇರುಗಳ ಹಿಂದಣ ಪುಟ್ಟ ಕೀಲುಗಳ ಅಡ್ಡಲಾಗಿ ಗಿಡ್ಡ ಮೊಳೆಗಳನ್ನು ತಿರುಗಿಸಿ ಕೂರಿಸಿದನು. ಅವು ಹಿಡಿದುಕೊಳ್ಳಲು ಅಲ್ಲಿ ಎಲುಬೇ ಸಾಲದು. ಹ್ಯೂಸ್ಟನ್ನಿನ ಪೋಲಿಯೋ ವಾರ್ಡುಗಳಲ್ಲಿ ಬೆನ್ನು ಸೊಟ್ಟಗಾಗುತ್ತಿದ್ದ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಪಾಲ್ ಹ್ಯಾರಿಂಗ್ಟನ್ ಎಂಬ ವೈದ್ಯನಿಗೂ ಇದೇ ಅನುಭವವಾಯಿತು. ಆ ಮಕ್ಕಳ ಉಸಿರಾಟವೇ ದುರ್ಬಲವಾಗಿದ್ದುದರಿಂದ ಅವರ ಎದೆಗೆ ಗಾರೆಯ ಕವಚವನ್ನು ತೊಡಿಸುವಂತಿರಲಿಲ್ಲ. ಆದಕಾರಣ ದೇಹದೊಳಗಿನ ಆಧಾರವೇ ಬೇಕಾಯಿತು. ಮೊಳೆಗಳು ಸಡಿಲಗೊಂಡ ಮೇಲೆ ಅವನು ಅವನ್ನು ಬಿಟ್ಟು ಕೊಕ್ಕೆ ಮತ್ತು ಸಲಾಕೆಗಳ ಕಡೆಗೆ ತಿರುಗಿ, 1962ರಲ್ಲಿ ತನ್ನ ಫಲಿತಾಂಶಗಳನ್ನು ಪ್ರಕಟಿಸಿದನು. ಹ್ಯಾರಿಂಗ್ಟನ್ನನ ಸಲಾಕೆಯು ಲೋಕದಾದ್ಯಂತ ಹರಡಿತು. ಆದರೂ ಅದಕ್ಕೆರಡು ದೋಷಗಳಿದ್ದುವು: ಮುರಿದ ಒಂದು ಕಶೇರುವಿಗಾಗಿ ಮೇಲೆ ಕೆಳಗೆ ಹಲವು ಒಳ್ಳೆಯ ಕಶೇರುಗಳನ್ನು ಬಿಗಿಯಬೇಕು, ಸೊಂಟದ ಸಹಜವಾದ ಬಳುಕನ್ನು ಅದು ನೆಟ್ಟಗೆ ಮಾಡಿಬಿಡುವುದು. ಇವಕ್ಕಿಂತ ಮುಖ್ಯವಾದ ಪಾಠವನ್ನು ಹ್ಯಾರಿಂಗ್ಟನ್ನನೇ ಕಲಿತನು: ಎಲುಬು ಬೆಸೆಯದಿದ್ದರೆ ಎಂಥ ಸಲಾಕೆಯಾದರೂ ಒಂದು ದಿನ ಮುರಿಯುತ್ತದೆ, ಇಲ್ಲವೇ ಕಳಚುತ್ತದೆ. ಬೆನ್ನಿನೊಳಗಿನ ಲೋಹಕ್ಕೆ ಸಿಕ್ಕುವುದು ಒಂದು ಅವಧಿ ಮಾತ್ರ. ಅಷ್ಟರೊಳಗೆ ಎಲುಬು ತನ್ನ ಕೆಲಸವನ್ನು ಮುಗಿಸತಕ್ಕದ್ದು.

ಸರಿಯಾದ ಜಾಗವನ್ನು ಕಂಡುಕೊಂಡವನು ಪ್ಯಾರಿಸಿನ ಪಿತಿಯೆ ಆಸ್ಪತ್ರೆಯ ರೇಮೋಂ ರಾಯ್-ಕಾಮಿಯ್. 1963ರಲ್ಲಿ ಅವನು ಮೊಳೆಯನ್ನು ಹಿಂದಿನಿಂದ ಪೆಡಿಕಲ್ಲಿನ ಒಳಗೆ ಹಾಯಿಸಿ ಕಶೇರುವಿನ ಕಾಯದವರೆಗೆ ತಲುಪಿಸಿದನು. ಹಾಗೆ ಕೂರಿಸಿದ ಮೊಳೆಗಳ ತಲೆಗಳನ್ನು ಹೊರಗೆ ಲೋಹದ ಪಟ್ಟಿಯೊಂದರಿಂದ ಜೋಡಿಸಿದನು. 1970ರಲ್ಲಿ ಈ ವಿಧಾನವು ಪ್ರಕಟವಾಯಿತು. ಕೆನಡಾದ ಬೂಷೆ ಎಂಬಾತನು 1959ರಷ್ಟು ಹಿಂದೆಯೇ ಉದ್ದನೆಯ ಮೊಳೆಗಳನ್ನು ಆ ದಿಕ್ಕಿನಲ್ಲಿ ಹಾಯಿಸಿದ್ದುಂಟು. ಆದರೆ ಪೆಡಿಕಲ್ಲೇ ಕಶೇರುವಿನ ಹೆಬ್ಬಾಗಿಲೆಂಬುದನ್ನು ಮನಗಂಡು ಅದರ ಮೇಲೆ ಒಂದು ಪದ್ಧತಿಯನ್ನೇ ಕಟ್ಟಿದ ಶ್ರೇಯಸ್ಸು ಫ್ರೆಂಚ್ ವೈದ್ಯನಿಗೇ ಸಲ್ಲತಕ್ಕದ್ದು. ಅದರ ಸಾಹಸವನ್ನು ತಿಳಿಯಬೇಕಾದರೆ ಪೆಡಿಕಲ್ಲಿನ ನೆರೆಹೊರೆಯನ್ನು ನೆನೆಯಬೇಕು. ಅದರ ಒಳಬದಿಗೆ ಬೆನ್ನುಹುರಿ, ಕೆಳಬದಿಗೆ ನರದ ಬೇರು. ಎದೆಯ ನಡುಭಾಗದ ಕಶೇರುಗಳಲ್ಲಿ ಅದರ ಅಗಲ ನಾಲ್ಕೈದು ಮಿಲಿಮೀಟರು, ಸೊಂಟದ ಕೊನೆಯ ಕಶೇರುವಿನಲ್ಲಿ ಹದಿನೆಂಟರ ಸುಮಾರು ಎಂದು 1987ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಳತೆಯೊಂದು ಹೇಳುತ್ತದೆ. ಆ ಇಕ್ಕಟ್ಟಿನಲ್ಲಿ, ಒಳಗನ್ನು ಕಣ್ಣಿನಿಂದ ಕಾಣದೆ, ಹೊರಮೈಯ ಗುರುತುಗಳನ್ನೂ ಕ್ಷಕಿರಣದ ಛಾಯೆಯನ್ನೂ ಕೈಬೆರಳಿನ ಸ್ಪರ್ಶವನ್ನೂ ನಂಬಿ ಮೊಳೆಯನ್ನು ಇಳಿಸಬೇಕು. ಪ್ರತಿಫಲವೂ ಸಾಹಸಕ್ಕೆ ತಕ್ಕುದೇ ಆಗಿತ್ತು: ಹಿಂದಿನಿಂದ ಹೊಕ್ಕ ಒಂದೇ ಸಾಧನವು ಕಶೇರುವಿನ ಹಿಂದು ಮುಂದುಗಳೆರಡನ್ನೂ ಹಿಡಿಯಿತು; ಹಲವು ಕಶೇರುಗಳಿಗೆ ಬದಲು ಎರಡು ಮೂರನ್ನು ಬಿಗಿದರೆ ಸಾಕಾಯಿತು.

ಇದರ ಮುಂದಿನ ಇಪ್ಪತ್ತು ವರ್ಷಗಳ ಚರಿತ್ರೆಯನ್ನು ಒಂದೆರಡು ವಾಕ್ಯಗಳಲ್ಲಿ ದಾಟಿಬಿಡಬಹುದು. ಸ್ವಿಟ್ಜರ್ಲೆಂಡಿನ ಮಾಗೆರ್ಲ್ ಮತ್ತು ಡಿಕ್, ಅಮೆರಿಕದ ಸ್ಟೆಫಿ, ಫ್ರಾನ್ಸಿನ ಕೊತ್ರೆಲ್ ಮತ್ತು ದ್ಯುಬುಸೆ, ಇವರೆಲ್ಲರೂ ಮೊಳೆಗಳನ್ನು ಪಟ್ಟಿಗೋ ಸಲಾಕೆಗೋ ಸೇರಿಸುವ ಬೇರೆಬೇರೆ ಉಪಾಯಗಳನ್ನು ತಂದರು. ಕಂಪನಿಗಳು ಹುಟ್ಟಿದುವು, ಪೇಟೆಂಟುಗಳು ಬಂದುವು. ಇದಕ್ಕಿಂತ ಹೆಚ್ಚು ಕುತೂಹಲಕರವಾದದ್ದು ಮತ್ತೊಂದು ಪಂಗಡದವರ ಶ್ರಮ. ವೈದ್ಯರು ಮೊದಲು ಮಾಡಿದರು, ಅದು ಏಕೆ ನಿಲ್ಲುತ್ತದೆ, ಏಕೆ ಸಡಿಲುತ್ತದೆ ಎಂಬುದನ್ನು ಆಮೇಲೆ ಎಂಜಿನಿಯರರು ಅಳೆದರು. ಸ್ವೀಡನ್ನಿನ ನಾಖೆಮ್ಸನ್ 1960ರ ದಶಕದಲ್ಲಿ ಜೀವಂತ ಮನುಷ್ಯರ ಕಶೇರುಗಳ ನಡುವಣ ಬಿಲ್ಲೆಗೆ ಸೂಜಿಯನ್ನು ಹೊಗಿಸಿ ಒಳಗಿನ ಒತ್ತಡವನ್ನು ಅಳೆದನು. ನಿಂತಾಗಿನದಕ್ಕಿಂತ ಬಾಗಿ ಕುಳಿತಾಗ ಭಾರವು ಹೆಚ್ಚೆಂಬ ಸಂಗತಿಯು ಹೀಗೆ ಬೆಳಕಿಗೆ ಬಂದಿತು. 1978ರಲ್ಲಿ ಯೇಲ್ ವಿಶ್ವವಿದ್ಯಾಲಯದ ಶಸ್ತ್ರವೈದ್ಯ ಆಗಸ್ಟಸ್ ವೈಟ್ ಮತ್ತು ಭಾರತೀಯ ಮೂಲದ ಎಂಜಿನಿಯರ್ ಮನೋಹರ ಪಂಜಾಬಿ ಕೂಡಿ ಬೆನ್ನೆಲುಬಿನ ಯಂತ್ರಶಾಸ್ತ್ರದ ಮಹಾಗ್ರಂಥವನ್ನು ಹೊರತಂದರು. 1983ರಲ್ಲಿ ಡೆನಿಸ್ ಎಂಬಾತನು ಬೆನ್ನೆಲುಬನ್ನು ಮುಂದು, ನಡು, ಹಿಂದು ಎಂಬ ಮೂರು ಸ್ತಂಭಗಳಾಗಿ ವಿಂಗಡಿಸಿ, ಯಾವುದು ಮುರಿದರೆ ಬೆನ್ನು ಅಸ್ಥಿರವಾಗುವುದೆಂದು ವಿವರಿಸಿದನು. ರಾಯ್-ಕಾಮಿಯನ ಮೊಳೆಯು ಮೂರು ಸ್ತಂಭಗಳನ್ನೂ ಏಕಕಾಲದಲ್ಲಿ ಹಿಡಿಯುತ್ತಿದ್ದಿತೆಂಬುದು ಆಗ ಶಾಸ್ತ್ರೋಕ್ತವಾಗಿ ಸ್ಪಷ್ಟವಾಯಿತು.

ಮೊಳೆಯನ್ನೇ ಕುರಿತು ಪ್ರಯೋಗಶಾಲೆಗಳು ಹೇಳಿದ್ದು ಸ್ವಾರಸ್ಯವಾಗಿದೆ. ನೆಟ್ಟಗೆ ಹಿಡಿದೆಳೆದಾಗ ಮೊಳೆಯು ಕಿತ್ತು ಬರಲು ಬೇಕಾಗುವ ಬಲವು ನಾಲ್ಕು ಸಂಗತಿಗಳನ್ನು ಅವಲಂಬಿಸಿದೆ: ಅದರ ಹೊರಸುತ್ತಿನ ವ್ಯಾಸ, ಎಲುಬಿನೊಳಗೆ ಹೊಕ್ಕ ಉದ್ದ, ಎಳೆಗಳ ಆಕಾರ, ಸುತ್ತಲಿನ ಎಲುಬಿನ ಗಟ್ಟಿತನ. ಮೊದಲ ಮೂರು ಲೇತಿನವನ ಕೈಯಲ್ಲಿವೆ. ನಾಲ್ಕನೆಯದು ರೋಗಿಯ ಸ್ವತ್ತು, ಎಲ್ಲಕ್ಕಿಂತ ಮಿಗಿಲಾದದ್ದೂ ಅದೇ. ಬಾಗದೆ ಮುರಿಯದೆ ಇರುವ ಶಕ್ತಿಯಾದರೋ ಮೊಳೆಯ ಒಳದಂಟಿನ ವ್ಯಾಸದ ಘನಕ್ಕೆ ಅನುಗುಣವಾದುದು. ದಂಟನ್ನು ಐದು ಮಿಲಿಮೀಟರಿನಿಂದ ಆರಕ್ಕೆ ಏರಿಸಿದರೆ ಈ ಶಕ್ತಿಯು ಶೇಕಡಾ 70ಕ್ಕೂ ಮೀರಿ ಹೆಚ್ಚುತ್ತದೆ. ಆದರೆ ದಂಟು ದಪ್ಪವಾದಷ್ಟೂ ಎಳೆಗಳ ಆಳ ಕಡಮೆಯಾಗಿ ಎಲುಬಿನ ಮೇಲಣ ಹಿಡಿತ ತಗ್ಗುತ್ತದೆ. ಒಟ್ಟು ಗಾತ್ರವನ್ನೇ ಹೆಚ್ಚಿಸೋಣವೆಂದರೆ ಪೆಡಿಕಲ್ಲು ಒಡೆಯುತ್ತದೆ. 1997ರಲ್ಲಿ ಪ್ರಕಟವಾದ ಜಪಾನೀ ಪ್ರಯೋಗವೊಂದರಲ್ಲಿ ಮೊಳೆಯ ಹಿಡಿತದ ಸುಮಾರು ಶೇಕಡಾ 60 ಭಾಗ ಪೆಡಿಕಲ್ಲಿನಿಂದಲೇ ಬರುತ್ತದೆಂದು ಕಂಡುಬಂದಿತು. ಅಷ್ಟು ದೊಡ್ಡ ಕಾಯದ ಪಾಲು ಉಳಿದದ್ದು. ಗಿಡ್ಡ ಸೇತುವೆಯೇ ನಿಜವಾದ ಆಧಾರ.

ಇನ್ನೊಂದು ವಿಷಯ. ಮನುಷ್ಯನು ತನ್ನ ಬೆನ್ನಿನ ಮೊಳೆಯನ್ನು ನೇರವಾಗಿ ಹಿಂದಕ್ಕೆ ಎಳೆಯುವುದೇ ಇಲ್ಲ. ಅವನು ನಡೆಯುತ್ತಾನೆ, ಬಾಗುತ್ತಾನೆ, ಕೂರುತ್ತಾನೆ. ಪ್ರತಿ ಸಲವೂ ಮೊಳೆಯು ಕೂದಲೆಳೆಯಷ್ಟು ಮೇಲೆ ಕೆಳಗೆ ಆಡುತ್ತದೆ. ಹಸುವನ್ನು ಕಟ್ಟಿದ ಗೂಟವು ಕಿತ್ತುಬರುವುದು ಹಸು ಒಮ್ಮೆ ಜಗ್ಗಿದ್ದರಿಂದಲ್ಲ, ದಿನವೆಲ್ಲ ಅತ್ತಿತ್ತ ಓಲಾಡಿಸಿ ಸುತ್ತಲ ಮಣ್ಣನ್ನು ಸಡಿಲಿಸಿದ್ದರಿಂದ. ಮೊಳೆಯ ಗತಿಯೂ ಅದೇ. ಆದುದರಿಂದಲೇ ಇಂದಿನ ಪರೀಕ್ಷಾ ನಿಯಮಗಳು ಮೊಳೆ ಸಲಾಕೆಗಳ ಜೋಡಣೆಯನ್ನು ಪ್ಲಾಸ್ಟಿಕ್ ದಿಮ್ಮಿಗಳಿಗೆ ಬಿಗಿದು 50 ಲಕ್ಷ ಸಲ ಭಾರ ಹೇರಿ ಇಳಿಸಿ ನೋಡುತ್ತವೆ. ವೈದ್ಯರು ಕಂಡುಕೊಂಡ ಪರಿಹಾರಗಳು ಹಲವು. ರಾಯ್-ಕಾಮಿಯ್ ಮೊಳೆಗಳನ್ನು ನೇರವಾಗಿ ಇಳಿಸುತ್ತಿದ್ದರೆ, ಮಾಗೆರ್ಲನು ಹೊರಗಿನಿಂದ ಒಳಕ್ಕೆ ಓರೆಯಾಗಿ ಇಳಿಸಿದನು. ಎಡಬಲದ ಮೊಳೆಗಳು ಹೀಗೆ ಒಂದರತ್ತ ಒಂದು ವಾಲಿದಾಗ, ಅವುಗಳ ನಡುವಣ ಎಲುಬಿನ ತ್ರಿಕೋನವೇ ಕಿತ್ತು ಬಂದ ಹೊರತು ಮೊಳೆಗಳು ಹೊರಬರಲಾರವು. ಮುಪ್ಪಿನಿಂದ ಎಲುಬು ಟೊಳ್ಳಾದವರಲ್ಲಿ ಮೂಳೆ ಸಿಮೆಂಟನ್ನು ತುಂಬಿ ಹಿಡಿತವನ್ನು ಹೆಚ್ಚಿಸುವ ಪದ್ಧತಿ ಬಂದಿತು. 2009ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನವು, ಮೊಳೆಯನ್ನು ಒಳಗಿನಿಂದ ಹೊರಕ್ಕೂ ಕೆಳಗಿನಿಂದ ಮೇಲಕ್ಕೂ ಹಾಯಿಸಿ ಎಲುಬಿನ ಗಟ್ಟಿ ಸಿಪ್ಪೆಯನ್ನೇ ಹಿಡಿಯುವಂತೆ ಮಾಡಿದರೆ, ಗಿಡ್ಡ ಮೊಳೆಯೂ ರೂಢಿಯ ಮೊಳೆಗಿಂತ ಶೇಕಡಾ 30ರಷ್ಟು ಹೆಚ್ಚು ಸೆಳೆತವನ್ನು ತಡೆಯುವುದೆಂದು ತೋರಿಸಿತು. ಇವೆಲ್ಲವನ್ನೂ ಒಟ್ಟಿಗೆ ನೋಡಿದರೆ ನನಗೆ ತೋರುವುದು ಇದು: ಮೊಳೆಯ ಬಲವೆಂದು ನಾವು ಕರೆಯುವುದು ಬಹುಪಾಲು ಎಲುಬಿನಿಂದ ಪಡೆದ ಸಾಲ. ಲೋಹದ ಸುಧಾರಣೆಗಿಂತ ಎಲುಬಿನ ಪರಿಜ್ಞಾನವೇ ಈ ಶಾಸ್ತ್ರವನ್ನು ಮುಂದಕ್ಕೆ ಒಯ್ದಿದೆ.

ಆದರೆ ಯಾರ ಎಲುಬು? ಮೊದಮೊದಲು ಮೊಳೆಗಳ ಗಾತ್ರವು ನಿಶ್ಚಯವಾದದ್ದು ಯೂರೋಪು ಅಮೆರಿಕಗಳ ದೇಹಗಳ ಅಳತೆಯಿಂದ. ಭಾರತೀಯರ ಕಶೇರುಗಳನ್ನು ಅಳೆದವರು ಹಲವು ಮಟ್ಟಗಳಲ್ಲಿ ನಮ್ಮ ಪೆಡಿಕಲ್ಲುಗಳು ಕಿರಿದೆಂದು ಕಂಡರು. 2004ರಲ್ಲಿ ಭಾರತೀಯ ಅಂಗರಚನಾಶಾಸ್ತ್ರಜ್ಞರ ಪತ್ರಿಕೆಯಲ್ಲಿ ಸೌರಾಷ್ಟ್ರ ಪ್ರದೇಶದ ಸೊಂಟದ ಪೆಡಿಕಲ್ಲುಗಳ ಅಗಲ ಎತ್ತರಗಳೇ ಒಂದು ಪ್ರಬಂಧದ ವಿಷಯವಾದುವು. ಕಾಲೇಜಿನ ಕಪಾಟಿನಲ್ಲಿ ಧೂಳು ಹಿಡಿದಿರುವ ಅಸ್ಥಿಗಳನ್ನು ಒಂದೊಂದಾಗಿ ಅಳೆಯುವುದು ಯಾರೂ ಹೊಗಳದ ಕೆಲಸ; ಆದರೆ ಅರ್ಧ ಮಿಲಿಮೀಟರಿನ ಅಂತರದ ಮೇಲೆ ಒಬ್ಬನ ಕಾಲುಗಳ ಚಲನೆಯೇ ನಿಂತಿರುವಾಗ ಇಂಥ ಪ್ರಬಂಧಗಳ ಬೆಲೆಯನ್ನು ಶಸ್ತ್ರವೈದ್ಯರು ಬಲ್ಲರು.

ಗುಜರಾತಿನಲ್ಲಿ ಬೆನ್ನು ಮುರಿಯುವ ಸಂದರ್ಭಗಳಿಗೆ ಕೊರತೆಯಿಲ್ಲ. ಪ್ರತಿ ವರ್ಷ ಉತ್ತರಾಯಣದಂದು ಅಹಮದಾಬಾದಿನಲ್ಲಿಯೂ ಸೂರತ್ತಿನಲ್ಲಿಯೂ ಊರಿಗೆ ಊರೇ ಮಾಳಿಗೆಯನ್ನೇರಿ ಗಾಳಿಪಟ ಹಾರಿಸುತ್ತದೆ, ಕಣ್ಣು ಆಕಾಶದಲ್ಲಿ ನೆಟ್ಟವರು ಕೆಳಗೆ ಬೀಳುವುದು ಆ ಹಬ್ಬದ ನೋವಿನ ಭಾಗವಾಗಿಬಿಟ್ಟಿದೆ. ಹಜೀರಾದಂಥ ಕೈಗಾರಿಕಾ ತೀರಗಳಲ್ಲಿ ಅಟ್ಟಣಿಗೆಯ ಮೇಲೆ ನಿಂತು ದುಡಿಯುವವರಿಗೂ ಆ ಅಪಾಯ ತಪ್ಪಿದ್ದಲ್ಲ. 2001ರ ಜನವರಿ 26ರ ಬೆಳಗ್ಗೆ ಕಚ್ಛದ ಭೂಕಂಪವಾದಾಗ, ಕುಸಿದ ಗೋಡೆಗಳಡಿಯಲ್ಲಿ ಸಿಕ್ಕಿ ಬೆನ್ನುಹುರಿಗೆ ಪೆಟ್ಟಾದವರನ್ನು ಅಹಮದಾಬಾದಿನ ಸಿವಿಲ್ ಆಸ್ಪತ್ರೆಯ ಆವರಣದಲ್ಲಿದ್ದ ಪ್ಯಾರಪ್ಲೀಜಿಯಾ ಆಸ್ಪತ್ರೆಗೆ ತಂದರು; ಇಂದು ಸರಕಾರಿ ಬೆನ್ನೆಲುಬು ಸಂಸ್ಥೆಯೆಂದು ಪ್ರಸಿದ್ಧವಾಗಿರುವುದು ಅದೇ. ಮೊಳೆಗಳು ಸತ್ತ ಬೆನ್ನುಹುರಿಯನ್ನು ಬದುಕಿಸಲಾರವೆಂಬುದನ್ನು ಇಲ್ಲಿ ಹೇಳದಿದ್ದರೆ ಅಪಚಾರವಾದೀತು. ಅವು ಮಾಡುವುದು ಬೆನ್ನನ್ನು ಸ್ಥಿರಗೊಳಿಸಿ ರೋಗಿಯನ್ನು ತಿಂಗಳುಗಳಿಗೆ ಬದಲು ದಿನಗಳಲ್ಲಿ ಎದ್ದು ಕೂರುವಂತೆ ಮಾಡುವುದು. ಮಲಗಿದ್ದಲ್ಲೇ ಇರುವವರನ್ನು ಕೊಲ್ಲುವ ಹಾಸಿಗೆಹುಣ್ಣು ಮತ್ತು ಶ್ವಾಸಕೋಶದ ಸೋಂಕುಗಳಿಂದ ತಪ್ಪಿಸಲು ಅಷ್ಟೇ ಒಂದು ದೊಡ್ಡ ಉಪಕಾರ.

ಈ ಕಥೆಯಲ್ಲಿ ಭಾರತವು ಕೇವಲ ಗ್ರಾಹಕನಾಗಿ ಉಳಿಯಲಿಲ್ಲ. ತಲೆಯನ್ನು ಹೊತ್ತ ಮೊದಲೆರಡು ಕಶೇರುಗಳ ಸಂಧಿಯು ಇಡೀ ಬೆನ್ನೆಲುಬಿನಲ್ಲಿ ಅತ್ಯಂತ ಅಪಾಯಕರವಾದ ಸ್ಥಳ; ಅಲ್ಲಿ ತಂತಿ ಕಟ್ಟುವುದೇ ಬಹುಕಾಲ ನಡೆದುಬಂದಿತ್ತು. ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯ ಅತುಲ್ ಗೋಯಲ್ ಅವರು 1988ರಲ್ಲಿ ಆ ಎರಡು ಕಶೇರುಗಳ ಪಾರ್ಶ್ವಭಾಗಗಳಿಗೆ ಬೇರೆಬೇರೆಯಾಗಿ ಮೊಳೆಗಳನ್ನು ಕೂರಿಸಿ ಪಟ್ಟಿಯಿಂದ ಜೋಡಿಸುವ ವಿಧಾನವನ್ನು ಆರಂಭಿಸಿ, 1994ರಲ್ಲಿ ಪ್ರಕಟಿಸಿದರು. 2001ರಲ್ಲಿ ಜರ್ಮನಿಯ ಹಾರ್ಮ್ಸ್ ಅದರಲ್ಲಿ ಪಟ್ಟಿಗೆ ಬದಲು ಸಲಾಕೆಯನ್ನು ಬಳಸಿದರು. ಇಂದು ಲೋಕವು ಅದನ್ನು ಇಬ್ಬರ ಹೆಸರಿನಿಂದಲೂ ಕರೆಯುತ್ತದೆ. ನ್ಯಾಯವಾಗಿ ಮೊದಲ ಹೆಸರು ಮೊದಲಿಗೇ ಬರಬೇಕಾದದ್ದು.

ಒಳ್ಳೆಯ ಸಾಧನಕ್ಕೂ ಕೆಟ್ಟ ಕಾಲ ಬರುವುದುಂಟು. 1990ರ ದಶಕದ ಅಮೆರಿಕದಲ್ಲಿ, ಪೆಡಿಕಲ್ ಮೊಳೆಗಳಿಗೆ ಆ ಉಪಯೋಗಕ್ಕೆಂದು ಸರಕಾರದ ಅನುಮೋದನೆಯೇ ಇರಲಿಲ್ಲವೆಂಬ ಸಂಗತಿಯು ದೂರದರ್ಶನದ ಕಾರ್ಯಕ್ರಮವೊಂದರಿಂದ ಜನಜನಿತವಾಗಿ, ಸಾವಿರಾರು ದಾವೆಗಳು ಹೂಡಲ್ಪಟ್ಟುವು. ತಯಾರಕ ಕಂಪನಿಯೊಂದು 1996ರಲ್ಲಿ ಹತ್ತು ಕೋಟಿ ಡಾಲರುಗಳನ್ನು ಕೊಟ್ಟು ರಾಜಿಯಾಯಿತು. ಕೊನೆಗೆ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದ ಸರಕಾರವು 1998ರಲ್ಲಿ ಆ ಮೊಳೆಗಳನ್ನು ಕಡಮೆ ಅಪಾಯದ ವರ್ಗಕ್ಕೆ ಇಳಿಸಿತು. ಮೊಳೆಗಳು ಉಳಿದುಕೊಂಡುವು, ದಾಖಲೆಗಳಿಲ್ಲದಿದ್ದರೆ ಉಳಿಯುತ್ತಿದ್ದುವೇ ಎಂಬುದು ಸಂದೇಹ.

ನಮ್ಮಲ್ಲಿಯಾದರೋ ಅಂಥ ವ್ಯಾಜ್ಯವೇ ಏಳುವಂತಿರಲಿಲ್ಲ, ಏಕೆಂದರೆ ಬಹುಕಾಲ ಕಾನೂನೇ ಇರಲಿಲ್ಲ. ಅಹಮದಾಬಾದು, ವಡೋದರಾ, ರಾಜಕೋಟಗಳಲ್ಲಿ ಲೇತುಗಳಿಗೂ ಅವನ್ನು ನಡೆಸುವ ಕುಶಲರಿಗೂ ಕೊರತೆಯಿಲ್ಲ. ಮೊದಲು ಸ್ಟೇನ್‌ಲೆಸ್ ಉಕ್ಕಿನಲ್ಲಿ, ಆಮೇಲೆ ಟೈಟಾನಿಯಂ ಮಿಶ್ರಲೋಹದಲ್ಲಿ, ಎಲುಬಿನ ಮೊಳೆ ಪಟ್ಟಿಗಳನ್ನು ಮಾಡುವ ಕಾರ್ಖಾನೆಗಳು ಗುಜರಾತಿನಲ್ಲಿ ಬೆಳೆದುವು. ಪರದೇಶದ ಬೆಲೆಯ ಒಂದಂಶಕ್ಕೆ ಸಿಕ್ಕುವ ಈ ಮೊಳೆಗಳೇ ಬಡವರಿಗೂ ಈ ಚಿಕಿತ್ಸೆಯನ್ನು ಎಟುಕಿಸಿದುವೆಂಬುದು ನಿಜ. ಆದರೆ ಎಲುಬಿನ ಕಸಿಸಾಧನಗಳನ್ನು ಭಾರತ ಸರಕಾರವು ಔಷಧಗಳ ಕಾನೂನಿನ ಕಕ್ಷೆಗೆ ತಂದದ್ದು 2005ರ ಅಕ್ಟೋಬರಿನಲ್ಲಿ ಮಾತ್ರ. ವೈದ್ಯಕೀಯ ಸಾಧನಗಳಿಗೆಂದೇ ಪ್ರತ್ಯೇಕ ನಿಯಮಗಳು ರಚಿತವಾದದ್ದು 2017ರಲ್ಲಿ, ಜಾರಿಗೆ ಬಂದದ್ದು ಮರುವರ್ಷದ ಮೊದಲ ದಿನದಿಂದ.

ಕಾನೂನು ತಯಾರಕನನ್ನು ಕಟ್ಟಿಹಾಕಬಲ್ಲದು. ಯಾವ ಮೊಳೆ ಯಾರ ಬೆನ್ನಿನಲ್ಲಿದೆ ಎಂಬ ಲೆಕ್ಕವನ್ನು ಇಡಬೇಕಾದವರು ಆಸ್ಪತ್ರೆಯವರು ಮತ್ತು ರೋಗಿಗಳು. ಮೊಳೆಯ ಪೊಟ್ಟಣದ ಜೊತೆಗೆ ತಯಾರಕನ ಹೆಸರು, ಲೋಹ, ಗಾತ್ರ, ಬ್ಯಾಚ್ ಸಂಖ್ಯೆಗಳನ್ನು ಅಚ್ಚುಹಾಕಿದ ಚಿಕ್ಕ ಚೀಟಿಯೊಂದು ಬರುತ್ತದೆ. ಓದುಗರಲ್ಲಿ ಯಾರಿಗಾದರೂ, ಅಥವಾ ಅವರ ಮನೆಯವರಿಗೆ, ಬೆನ್ನಿಗೆ ಸ್ಕ್ರೂ ಹಾಕಿಸಿಕೊಳ್ಳುವ ಪ್ರಸಂಗ ಬಂದಲ್ಲಿ, ಆಸ್ಪತ್ರೆಯಿಂದ ಮನೆಗೆ ಹೊರಡುವ ದಿನ ಆ ಚೀಟಿಯನ್ನು ಬಿಡುಗಡೆಯ ಪತ್ರಕ್ಕೆ ಅಂಟಿಸಿಕೊಡುವಂತೆ ದಯಮಾಡಿ ಕೇಳಿ ಪಡೆಯಿರಿ. ಹತ್ತು ವರ್ಷಗಳ ಮೇಲೆ ಎಂ.ಆರ್.ಐ. ತೆಗೆಯುವವನಿಗೂ, ಸಡಿಲಾದ ಮೊಳೆಯನ್ನು ಹೊರತೆಗೆಯಲು ಸರಿಯಾದ ಹಿಡಿಕೆಯನ್ನು ಹುಡುಕುವ ಬೇರೊಬ್ಬ ಶಸ್ತ್ರವೈದ್ಯನಿಗೂ ಮೊದಲು ಬೇಕಾಗುವುದು ಆ ಚೀಟಿಯೇ.